ನಾನು ಬಿಚ್ಚಿದ ತಂತಿ

ಬಷೀರ್, ಆ ತಂತಿಯ ಕಟ್ಟು ಬಿಚ್ಚಿದವನು ನಾನು. ನೀವು ಏನನ್ನೂ ಮರೆತಿರಲಿಲ್ಲ.

ರಿಸೆಷನ್ನಿನಲ್ಲಿ ಅಮೆರಿಕದ ಕಾರು ಕಂಪನಿಗಳು ನಮ್ಮಿಬ್ಬರನ್ನೂ ಮನೆಗೆ ಕಳಿಸಿದ್ದ ವರ್ಷ ಅದು. ನಾವಿದ್ದ ನೋವೈ ಊರಿನಿಂದ ನಲವತ್ತು ಮೈಲಿ ಆಚೆಯ ಶೆಡ್ಡಿನಲ್ಲಿ, ಮೊದಲ ಮಹಾಯುದ್ಧದ ಫೈಟರ್ ವಿಮಾನವೊಂದರ ಪ್ರತಿಕೃತಿ ಕಟ್ಟುತ್ತಿದ್ದೆವು — ಮರ, ಬಟ್ಟೆ, ಮೇಲಿನ ಕೆಳಗಿನ ರೆಕ್ಕೆಗಳನ್ನು ಹಿಡಿದಿಟ್ಟ ಉಕ್ಕಿನ ತಂತಿಗಳು. ಹಾರಿಸುವವನು ಮುದುಕ ರೇ. ಹಾರಾಟ ಚೆನ್ನಾಗಿ ಮುಗಿದರೆ ಗೆಳೆಯನ ಕಾರ್ಖಾನೆಗೆ ನಿಮ್ಮನ್ನು ಸೇರಿಸುವುದಾಗಿ ಮಾತು ಕೊಟ್ಟಿದ್ದ. ನಿಮ್ಮ ವೀಸಾಕ್ಕೆ ಉಳಿದದ್ದು ಕೆಲವೇ ವಾರ.

ತಂತಿ ಬಿಗಿದು, ಅದರ ತಿರುಪು ಸಡಿಲವಾಗದಂತೆ ತಾಮ್ರದ ಎಳೆ ಸುತ್ತಿ ಕಟ್ಟುವುದು ನಿಮ್ಮ ಕೆಲಸ, ಮೀಟರಿನಲ್ಲಿ ಬಿಗಿ ಅಳೆಯುವುದು ನನ್ನದು. ಆ ಬೆಳಿಗ್ಗೆ ಎಲ್ಲ ಕಟ್ಟಿಯಾದ ಮೇಲೆ ಎಡರೆಕ್ಕೆಯ ತಂತಿಯೊಂದನ್ನು ಮೀಟಿ ಕಿವಿಗೊಟ್ಟಿರಿ.

“ಇದರ ದನಿ ಸ್ವಲ್ಪ ಇಳದೈತ್ರಿ, ಪ್ರೊಫೆಸರ್.” ಎಲ್ಲಕ್ಕೂ ವಾದ ಹೂಡುವ ನನಗೆ ನೀವಿಟ್ಟ ಹೆಸರು ಅದು.

“ಮೀಟರ್ ಸರಿ ಇದೆ ಅಂತಿದೆ. ಇದು ಸಿತಾರ್ ಅಲ್ಲ.”

“ಆತು ಬಿಡ್ರಿ. ಮ್ಯಾಲೆ ಹೋಗೋದು ನಿಮ್ ಮೀಟರ್ ಅಲ್ಲ, ರೇ ಅಂಕಲ್.”

ನೀವು ಕಾಫಿಗೆ ಹೋದಾಗ ನಾನೂ ಮೀಟಿದೆ. ನಿಮ್ಮ ಕಿವಿಯೇ ಸರಿ, ತಂತಿ ಸಡಿಲವಿತ್ತು. ಒಪ್ಪಿಕೊಳ್ಳಲು ಮನಸ್ಸಾಗದೆ, ಗುಟ್ಟಾಗಿ ಎಳೆ ಬಿಚ್ಚಿ ತಿರುಪು ಬಿಗಿದೆ. ಅಷ್ಟರಲ್ಲಿ ಫೋನು — ಶಾಮ್‌ಬರ್ಗಿನ ಕಂಪನಿಯೊಂದರಿಂದ, ಕೆಲಸದ ಇಂಟರ್‌ವ್ಯೂಗೆ. ಹೊರಗೆ ನಡೆದೆ.

ಮರಳಿದಾಗ ಪ್ರೊಪೆಲರ್ ತಿರುಗುತ್ತಿತ್ತು. ಜೇಬಿನಲ್ಲಿ ಬಿಚ್ಚಿದ ಹಳೆಯ ಎಳೆ ಕೈಗೆ ಸಿಕ್ಕಿತು. ಹೊಸದು ಕಟ್ಟಿದ್ದೆನೇ? ಕೈ ಎತ್ತಿದ್ದರೆ ರೇ ನಿಲ್ಲಿಸುತ್ತಿದ್ದ. ಯಾಕೆ ಬಿಚ್ಚಿದೆ ಎಂದು ಎಲ್ಲರೆದುರು ಹೇಳಬೇಕಾಗುತ್ತಿತ್ತು. ಕಟ್ಟಿರಬಹುದು ಎಂದುಕೊಂಡೆ. ಎತ್ತಲಿಲ್ಲ.

ಮರಗಳ ಮೇಲೆ ವಿಮಾನ ತಿರುಗುವಷ್ಟರಲ್ಲಿ ಎಡರೆಕ್ಕೆ ಅದುರತೊಡಗಿತು. ರೇ ಹೇಗೋ ಇಳಿಸಿದ. ಚಕ್ರ ಮುರಿಯಿತು, ಅವನ ಸೊಂಟವೂ.

ಎಳೆಯಿಲ್ಲದೆ ಬಿಚ್ಚಿಕೊಂಡ ತಿರುಪಿನ ಮುಂದೆ ನೀವು ಕೇಳಿದ್ದು ನನ್ನನ್ನೇ: “ನಾ ಕಟ್ಟಿದ್ನಲ್ರಿ?”

“ನೆನಪು ಮೋಸ ಮಾಡುತ್ತೆ, ಬಷೀರ್,” ಎಂದೆ.

ನೀವು ನಂಬಿದಿರಿ. ಆಸ್ಪತ್ರೆಯಲ್ಲಿ ರೇಯ ಕೈ ಹಿಡಿದು ತಪ್ಪು ನಿಮ್ಮದೇ ಎಂದಿರಿ. ಆಮೇಲೆ ಕಾರ್ಖಾನೆಯ ಮಾತೇ ಬರಲಿಲ್ಲ. ಹುಬ್ಬಳ್ಳಿಗೆ ಹೊರಟ ನಿಮ್ಮನ್ನು ಏರ್‌ಪೋರ್ಟಿಗೆ ಡ್ರೈವ್ ಮಾಡಿ ಬಿಟ್ಟವನೂ ನಾನು. “ಕೆಲಸ ಹೋದ್ರ ಹೋಗ್ಲಿ. ನನ್ನ ನೆನಪಿನ ಮ್ಯಾಲಿನ ಭರವಸೆ ಹೋತಲ್ರಿ,” ಎಂದಿರಿ. ಆಗಲೂ ನಾನು ರಸ್ತೆಯನ್ನೇ ನೋಡುತ್ತಿದ್ದೆ.

ನೆನಪನ್ನು ನಂಬಬಾರದೆಂದು ಜೀವನವಿಡೀ ವಾದಿಸಿದವನು ನಾನು. ಆ ದಿನ ಮೋಡವಿತ್ತೇ, ರೇ ಟೋಪಿ ಹಾಕಿದ್ದನೇ — ಈಗ ಖಚಿತವಿಲ್ಲ. ನಾಳೆ ರೇಯ ಮನೆಗೆ ಹೋಗಿ, ಖಚಿತವಿರುವ ಉಳಿದದ್ದನ್ನೆಲ್ಲ ಹೇಳುತ್ತೇನೆ. ಎಳೆಯನ್ನು ಈ ಕಾಗದದೊಳಗೆ ಇಟ್ಟಿದ್ದೇನೆ. ನಿಮ್ಮ ಕೈ ಹಾಕಿದ ಸುತ್ತುಗಳು ಅದರಲ್ಲಿ ಹಾಗೇ ಇವೆ. ನೀವು ಕಟ್ಟಿದ್ದಿರಿ.