ಒಂದು ಮನೆ, ನಾಲ್ಕು ಹೆಸರು

ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ಬರವಣಿಗೆಯ ಅಭ್ಯಾಸವಿಲ್ಲ. ನಿರೂಪಣೆಯಲ್ಲಿ ಲೋಪಗಳಿದ್ದರೆ ಓದುಗರು ಕ್ಷಮಿಸಬೇಕೆಂದು ಮೊದಲೇ ವಿನಂತಿಸುತ್ತೇನೆ.

ಅದು 2024ನೆಯ ಇಸವಿ. ಯೋಕೋಹಾಮಾದ ಒಂದು ಕಂಪನಿಯಲ್ಲಿ, ಜಪಾನೀಯರಿಗೆ ವಿದೇಶಿ ಭಾಷೆಗಳನ್ನು ಕಲಿಸುವ ಆ್ಯಪ್‌ನ ಪಾಠಗಳನ್ನು ಪರಿಶೀಲಿಸುವ ಕೆಲಸ ನನ್ನದಾಗಿತ್ತು. ಆ ವರ್ಷ ಐಸ್‌ಲ್ಯಾಂಡಿಕ್ ಭಾಷೆಯ ಪ್ರಾಥಮಿಕ ವ್ಯಾಕರಣದ ಕೋರ್ಸ್ ನನ್ನ ಪಾಲಿಗೆ ಬಂತು. ಮೂರು ಲಿಂಗ, ನಾಲ್ಕು ವಿಭಕ್ತಿ. ವ್ಯಕ್ತಿಯ ಹೆಸರಿಗೂ ವಿಭಕ್ತಿ ಹತ್ತುತ್ತದೆ. ಶಾಲೆಯಲ್ಲಿ ವಿಭಕ್ತಿಗಳನ್ನು ಬಾಯಿಪಾಠ ಮಾಡಿದ್ದ ನನಗೆ ಇದು ಪರಕೀಯವೆನಿಸಲಿಲ್ಲ.

ತೊಡಕು ಬಂದದ್ದು ಮೊದಲ ಪಾಠದಲ್ಲಿಯೇ. ಅದರಲ್ಲಿ ಒಂದು ಕುಟುಂಬದ ಚಿತ್ರವಿತ್ತು. ತಂದೆ ಗುನ್ನಾರ್ ಎಯ್ನಾರ್ಸನ್, ಎಂದರೆ ಎಯ್ನಾರನ ಮಗ. ತಾಯಿ ಹೆಲ್ಗಾ ಯೋನ್ಸ್‌ಡೋಟಿರ್, ಯೋನನ ಮಗಳು. ಅವರ ಮಗ ಆರಿ ಗುನ್ನಾರ್ಸನ್, ಮಗಳು ಅನ್ನಾ ಗುನ್ನಾರ್ಸ್‌ಡೋಟಿರ್. ಆ ದೇಶದಲ್ಲಿ ಬಹುಪಾಲು ಜನರಿಗೆ ಮನೆತನದ ಹೆಸರಿಲ್ಲ. ಹೆಸರಿನ ಕೊನೆಯಲ್ಲಿರುವುದು ಯಾರ ಮಗ, ಯಾರ ಮಗಳು ಎಂಬುದಷ್ಟೇ.

ಆ ದಿನಗಳಲ್ಲಿ ಇದೇ ವಿಷಯ ನಮ್ಮ ಮನೆಯಲ್ಲಿಯೂ ಚರ್ಚೆಯಲ್ಲಿತ್ತು. ಪಾಸ್‌ಪೋರ್ಟಿನ ಪ್ರಕಾರ ನನ್ನ ಕೊನೆಯ ಹೆಸರು ನನ್ನ ತಂದೆಯವರದು, ಬಸಪ್ಪ. ಪತಿ ಮಂಜುನಾಥರದು ಅವರ ತಂದೆಯ ಹೆಸರು, ರಂಗಸ್ವಾಮಿ. ಎಂಟು ವರ್ಷದ ಮಗಳು ಇಂಚರಾಳದು ಮಂಜುನಾಥ್. ಬಾಗಿಲಿಗೊಂದು ನಾಮಫಲಕ, ಅದರಲ್ಲಿ ಒಂದೇ ಹೆಸರು ಇರುವ ಊರಿನಲ್ಲಿ ನಮ್ಮದು ಒಂದು ಸಂಸಾರವೇ ಎಂದು ಅನೇಕರು ಅನುಮಾನಿಸುತ್ತಿದ್ದರು.

“ಸ್ಕೂಲಲ್ಲಿ ಎಕ್ಸ್‌ಪ್ಲೇನ್ ಮಾಡಿ ಮಾಡಿ ಸಾಕಾಯ್ತು ಕಣೆ,” ಎಂದರು ಮಂಜುನಾಥ್. “ಹೇಗಿದ್ರೂ ನಿನ್ನ ಪಾಸ್‌ಪೋರ್ಟ್ ರಿನ್ಯೂ ಮಾಡಿಸ್ಬೇಕು. ಎಲ್ರೂ ರಂಗಸ್ವಾಮಿ ಆಗ್ಬಿಡೋಣ.”

“ಅಪ್ಪನ ಹೆಸರು?”

“ಮಾವನ್ನ ಬಿಟ್ಟಾಕು ಅಂದ್ನಾ ನಾನು? ಬರೀ ಪೇಪರ್‌ನಲ್ಲಿ ಕಣೆ.”

ನಾನು ಬಹುಮಟ್ಟಿಗೆ ಒಪ್ಪಿದ್ದೆ.

ವಾರದ ಸಭೆಯಲ್ಲಿ ನಮ್ಮ ವ್ಯವಸ್ಥಾಪಕರಾದ ಕಿಮುರಾ ಸಾನ್ ಪಾಠದ ಚಿತ್ರವನ್ನು ತೋರಿಸಿದರು. “ಒಂದು ಮನೆಗೆ ನಾಲ್ಕು ಹೆಸರು. ಕಲಿಯುವವರು ಇದನ್ನು ತಪ್ಪೆಂದು ದೂರುತ್ತಾರೆ. ಒಂದೇ ಹೆಸರು ಕೊಟ್ಟುಬಿಡೋಣ.”

ಪಾಠ ಬರೆದಿದ್ದ ಐಸ್‌ಲ್ಯಾಂಡಿನ ಶಿಕ್ಷಕಿ ಸಿಗ್ರುನ್ ವಿಡಿಯೊ ಪರದೆಯಲ್ಲಿದ್ದರು. “ಹಾಗೆ ಮಾಡಿದರೆ ಅದು ನಮ್ಮ ದೇಶದ ಮನೆಯಲ್ಲ. ಆಗ ಪಾಠದಿಂದ ನನ್ನ ಹೆಸರನ್ನೂ ತೆಗೆಯಿರಿ,” ಎಂದರು ಶಾಂತವಾಗಿ.

ಕಿಮುರಾ ಸಾನ್ ನನ್ನತ್ತ ತಿರುಗಿದರು. “ಬಸಪ್ಪ ಸಾನ್, ನಿಮ್ಮ ಅಭಿಪ್ರಾಯ?”

ಇಬ್ಬರಿಗೂ ನೋವಾಗದ ಉತ್ತರ ಹುಡುಕುವುದು ನನ್ನ ರೂಢಿ. ಅಂದು ಅಂಥ ಉತ್ತರ ಸಿಗಲಿಲ್ಲ. “ನನ್ನ ಮನೆಯಲ್ಲಿಯೂ ಮೂವರಿಗೆ ಮೂರು ಹೆಸರು. ಬಸಪ್ಪ ನನ್ನ ಮನೆತನದ ಹೆಸರಲ್ಲ, ನನ್ನ ತಂದೆಯವರ ಹೆಸರು,” ಎಂದೆ.

ಅವರು ಗಾಬರಿಯಾದರು. “ಹಾಗಾದರೆ ಮೂರು ವರ್ಷಗಳಿಂದ ನಾನು ನಿಮ್ಮ ತಂದೆಯವರನ್ನು ಕರೆಯುತ್ತಿದ್ದೇನೆಯೇ? ಸುಮಿಮಾಸೆನ್, ಕ್ಷಮಿಸಿ. ಇನ್ನು ಮುಂದೆ ಹೇಗೆ ಕರೆಯಲಿ?”

ನನ್ನ ತಂದೆ ದಾವಣಗೆರೆಯ ಮಾರುಕಟ್ಟೆಯಲ್ಲಿ ಹಮಾಲಿಯಾಗಿದ್ದರು. ಬಾಲ್ಯದಲ್ಲಿ ಬುತ್ತಿ ಒಯ್ದಾಗ ಕೇಳಿಸುತ್ತಿದ್ದದ್ದು, “ಏ ಬಸ್ಯಾ, ಈ ಮೂಟೆ ಇಳಿಸೋ.” ಆ ಹೆಸರಿಗೆ ಗೌರವದ ‘ಸಾನ್’ ಸೇರಿಸಿ, ತಲೆ ಬಾಗಿಸಿ ಕರೆಯುತ್ತಿದ್ದವರು ಈಗ ನನ್ನ ಉತ್ತರಕ್ಕಾಗಿ ಕಾಯುತ್ತಿದ್ದರು.

“ಹೀಗೆಯೇ ಕರೆಯಿರಿ,” ಎಂದೆ.

ಪಾಠದಲ್ಲಿ ನಾಲ್ಕು ಹೆಸರುಗಳೂ ಉಳಿದವು. ಕೆಳಗೆ ಎರಡು ಸಾಲಿನ ವಿವರಣೆ ಸೇರಿಸಿದೆವು. ಆ ಸಂಜೆ ಮಂಜುನಾಥರಿಗೆ ಎಲ್ಲವನ್ನೂ ತಿಳಿಸಿದೆ. ಅವರು ಬಾಗಿಲಿನತ್ತ ನೋಡಿ, “ಬೋರ್ಡ್ ಸ್ವಲ್ಪ ದೊಡ್ಡದು ಮಾಡಿಸ್ಬೇಕಾಗುತ್ತೆ, ಅಷ್ಟೇ,” ಎಂದರು.

ಕಲಿಯುವವರಿಗೆ ಸುಲಭವಾಗಲೆಂದು ಸತ್ಯವನ್ನು ಕತ್ತರಿಸಬಾರದು, ಅದನ್ನು ವಿವರಿಸುವ ಶ್ರಮವನ್ನು ನಾವೇ ಹೊರಬೇಕು. ವೃತ್ತಿ ನನಗೆ ಕಲಿಸಿದ್ದು ಇದು.

ಮರುವರ್ಷ ತಂದೆಯವರು ನಮ್ಮಲ್ಲಿಗೆ ಬಂದರು. ಅವರಿಗೆ ಯಾವ ಲಿಪಿಯೂ ಓದಲು ಬಾರದು. ಇಂಚರಾ ಅಜ್ಜನ ಬೆರಳು ಹಿಡಿದು ಬಾಗಿಲಿನ ಫಲಕದ ಮೊದಲ ಸಾಲಿನ ಮೇಲಿಟ್ಟು, “ಅಜ್ಜ, ದಿಸ್ ಈಸ್ ಯೂ,” ಎಂದಳು. ಒಂದು ಮಧ್ಯಾಹ್ನ ಪಾರ್ಸೆಲ್ ತಂದ ಯುವಕ ಹೊರಗಿನಿಂದ “ಬಸಪ್ಪ ಸಾನ್” ಎಂದು ಕೂಗಿದ. ನಾನು ಏಳುವಷ್ಟರಲ್ಲಿ ತಂದೆ ಎದ್ದಿದ್ದರು.

“ನೀನ್ಯಾಕೆ ಏಳ್ತೀಯವ್ವಾ? ನನ್ನನ್ನಲ್ವಾ ಕರೆದದ್ದು,” ಎಂದರು.

ನಮ್ಮ ಸಂಸಾರದಲ್ಲಿ ಆಮೇಲೆ ಬದಲಾದದ್ದು ಇಷ್ಟೇ: ಬಾಗಿಲಿನ ಮೇಲೆ ಮೂರು ಹೆಸರುಗಳಿವೆ. ಹೊಸ ಪಾಸ್‌ಪೋರ್ಟಿನಲ್ಲಿ ನನ್ನ ಹೆಸರು ಹಾಗೆಯೇ ಇದೆ. ತಂದೆಯವರು ಇಲ್ಲಿದ್ದಷ್ಟು ದಿನವೂ ಪಾರ್ಸೆಲ್‌ಗಳನ್ನು ಅವರೇ ಪಡೆದುಕೊಂಡರು.