ತೋಮೆ ಅತ್ತೆಯ ತೌಡಿನ ಭರಣಿ

ಜಪಾನಿನ ಕೊಕುರಾದ ಆ ಗುಡ್ಡದ ಓಣಿಯಲ್ಲಿ ಹದಿನೇಳು ಮನೆ. ಸೌತೆಕಾಯಿಗೆ ಉಪ್ಪು ಎಷ್ಟು ಸವರಬೇಕು, ಬದನೆಕಾಯಿಯನ್ನು ಎಷ್ಟು ಹೊತ್ತು ಹುಗಿದಿಡಬೇಕು ಎಂದು ಹದಿನೇಳು ಮನೆಯ ಹೆಂಗಸರಿಗೂ ಹೇಳಿಕೊಟ್ಟವಳು ಶಿಗೆನೊ. ಕೇಳಿದವರಿಗೂ ಹೇಳಿಕೊಟ್ಟಿದ್ದಳು, ಕೇಳದವರಿಗೆ ಇನ್ನೂ ಸ್ವಲ್ಪ ಹೆಚ್ಚಾಗಿಯೇ ಹೇಳಿಕೊಟ್ಟಿದ್ದಳು. ವಯಸ್ಸು ಎಪ್ಪತ್ತೊಂದು. ಮೊಣಕಾಲು ಕೈಕೊಟ್ಟಿದ್ದರೂ ಬಾಯಿ ಗಟ್ಟಿಯಾಗಿತ್ತು.

ಈ ಅಧಿಕಾರವೆಲ್ಲ ಬಂದದ್ದು ಅಡುಗೆಮನೆಯ ಮೂಲೆಯಲ್ಲಿದ್ದ ಒಂದು ಭರಣಿಯಿಂದ. ಅದರಲ್ಲಿ ಅಕ್ಕಿ ತೌಡು, ಉಪ್ಪು, ಒಣಮೆಣಸಿನಕಾಯಿ, ಒಂದಿಷ್ಟು ಕಡಲ ಪಾಚಿ. ಇವತ್ತು ತರಕಾರಿ ಹುಗಿದರೆ ನಾಳೆಗೆ ಹುಳಿ ಹಿಡಿದ ಉಪ್ಪಿನಕಾಯಿ. ಆಗಾಗ ಹೊಸ ತೌಡು ಬೆರೆಸುತ್ತ, ದಿನಕ್ಕೊಮ್ಮೆ ಬರಿಗೈಯಿಂದ ಅಡಿಮೇಲು ಮಾಡುತ್ತ ಹೋದರೆ ಅದು ಸಾಯುವುದೇ ಇಲ್ಲ, ಹಳತಾದಷ್ಟೂ ರುಚಿ. ಶಿಗೆನೊಳ ಅತ್ತೆ ತೋಮೆಗೆ ಅದು ತನ್ನ ಅತ್ತೆಯಿಂದ ಬಂದಿತ್ತು. ಯುದ್ಧದ ಕಾಲದಲ್ಲಿ ಸೈರನ್ ಕೂಗಿದಾಗ ತೋಮೆ ಒಂದು ಕಂಕುಳಲ್ಲಿ ಮಗು, ಇನ್ನೊಂದು ಕಂಕುಳಲ್ಲಿ ಭರಣಿ ಇಟ್ಟುಕೊಂಡು ಓಡಿದ್ದಳಂತೆ. ಆ ಮಗುವೇ ಶಿಗೆನೊಳ ಗಂಡ ಕುನಿಯೊ. ಎರಡರಲ್ಲಿ ಮೊದಲು ಎತ್ತಿಕೊಂಡದ್ದು ಯಾವುದನ್ನು ಎಂದು ಎಷ್ಟು ಕೇಳಿದರೂ ತೋಮೆ ಕೊನೆಯವರೆಗೆ ಬಾಯಿ ಬಿಡಲಿಲ್ಲ. ಸಾಯುವ ಮುಂಚೆ ಸೊಸೆಯ ಕೈ ಹಿಡಿದು ಒಂದೇ ಮಾತು ಹೇಳಿದಳು.

"ಮಗನ್ನ ಹೆಂಗೋ ನೋಡ್ಕೊ. ಭರಣಿ ಮಾತ್ರ ನಿನ್ನ ಕೈಲಿ ಸಾಯಬಾರದು."

ಶಿಗೆನೊಳ ಕೈಯಲ್ಲಿ ಸಾಯಲಿಲ್ಲ. ಆ ಮಗನ ಕೈಯಲ್ಲಿ ಸತ್ತಿತು.

ಎರಡು ವರ್ಷದ ಹಿಂದೆ, ಬೇಸಿಗೆಯಲ್ಲಿ, ಶಿಗೆನೊ ಮೊಣಕಾಲಿನ ಆಪರೇಷನ್ನಿಗೆಂದು ಮೂರು ವಾರ ಆಸ್ಪತ್ರೆ ಸೇರಿದಳು. ದಿನಾ ತೌಡು ತಿರುವಬೇಕೆಂದು ಗಂಡನಿಗೆ ಹೇಳಿದ್ದಲ್ಲದೆ ಕಾಗದದಲ್ಲಿ ಬರೆದು ಗೋಡೆಗೂ ಅಂಟಿಸಿ ಹೋಗಿದ್ದಳು. ತಿರುವದೆ ಬಿಟ್ಟ ತೌಡಿನ ಮೇಲೆ ನಾಲ್ಕನೆಯ ದಿನ ಬಿಳಿ ಕೆನೆ ಕಟ್ಟಿತು. ಅದನ್ನು ಒಳಕ್ಕೆ ತಿರುವಿಬಿಟ್ಟಿದ್ದರೆ ಮುಗಿಯುತ್ತಿತ್ತು. ಕುನಿಯೊ ಮೂವತ್ತೆಂಟು ವರ್ಷ ಉಕ್ಕಿನ ಕಾರ್ಖಾನೆಯಲ್ಲಿ ದುಡಿದವನು, ಯಂತ್ರದ ಮೇಲೆ ಚೂರು ತುಕ್ಕು ಕಂಡರೆ ಸಹಿಸದವನು. ಬೂಷ್ಟು ಹಿಡಿದಿದೆಯೆಂದು ತೌಡನ್ನೆಲ್ಲ ಬಳಿದು ಕಸಕ್ಕೆ ಹಾಕಿದ, ಭರಣಿಯನ್ನು ಸೋಪು ಹಚ್ಚಿ ತಿಕ್ಕಿದ, ಕುದಿಯುವ ನೀರಿನಲ್ಲಿ ತೊಳೆದು ಬಿಸಿಲಿಗೆ ಬೋರಲು ಹಾಕಿದ. ನಲವತ್ತೈದು ವರ್ಷದ ಸಂಸಾರದಲ್ಲಿ ಒಂದು ಚಹಾ ಬಟ್ಟಲನ್ನೂ ತೊಳೆಯದ ಮಹಾನುಭಾವ, ತೊಳೆಯಬಾರದಿದ್ದ ಆ ಒಂದನ್ನೇ ಹುಡುಕಿ ತೊಳೆದಿದ್ದ. ಹೆಂಡತಿ ಮನೆಗೆ ಬಂದಾಗ ಫಳಫಳ ಹೊಳೆಯುವ ಭರಣಿಯನ್ನು ಹೆಮ್ಮೆಯಿಂದ ಮುಂದಿಟ್ಟ. ಶಿಗೆನೊ ಬೈಯಲಿಲ್ಲ. ಅಡುಗೆಮನೆಯ ನೆಲದಲ್ಲಿ ಕೂತು ಅತ್ತಳು. ಅವಳು ಬೈಯದೆ ಇದ್ದದ್ದಕ್ಕೇ ಕುನಿಯೊಗೆ ಭಯವಾಯಿತು.

ಹೆಪ್ಪು ಕೆಟ್ಟರೆ ಪಕ್ಕದ ಮನೆಯಿಂದ ತರುವಂತೆ ಇದನ್ನೂ ತರಬಹುದು. ಶಿಗೆನೊ ಆರು ಮನೆಗೆ ಹಿಡಿಹಿಡಿ ತೌಡು ಕೊಟ್ಟಿದ್ದಳು. ಆದರೆ ಐದು ಮನೆಯಲ್ಲಿ ಅದು ಎಂದೋ ನಿಂತಿತ್ತು. ಉಳಿದದ್ದು ಓಣಿಯ ತುದಿಯ ಇತ್ಸುಕೊಳ ಮನೆ ಒಂದೇ. ಇತ್ಸುಕೊ ಗಂಡನ ವರ್ಗಾವಣೆಯಲ್ಲಿ ಉತ್ತರದಿಂದ ಇಲ್ಲಿಗೆ ಬಂದವಳು, ಇನ್ನೂ ಅರವತ್ತನಾಲ್ಕು. ತೌಡು ಕೊಟ್ಟ ದಿನದಿಂದಲೂ ಶಿಗೆನೊ ಅವಳ ಡಬ್ಬ ಮೂಸಿ ಮೂಸಿ, ನಿನ್ನ ಕೈಗೆ ಇದು ಬರುವುದಿಲ್ಲ ಬಿಡು ಎನ್ನುತ್ತಲೇ ಬಂದಿದ್ದಳು. ಈಗ ಹೋಗಿ ಅವಳ ಬಾಗಿಲಲ್ಲಿ ನಿಂತು ಬೇಡುವುದಕ್ಕಿಂತ ಇನ್ನೊಂದು ಮೊಣಕಾಲನ್ನೂ ಕೊಯ್ಯಿಸಿಕೊಳ್ಳುವುದೇ ವಾಸಿ ಅನ್ನಿಸಿತು.

ಹಾಗಾಗಿ ಗಂಡನನ್ನು ಯಾರೂ ಗುರುತು ಹಿಡಿಯದಷ್ಟು ದೂರದ ಸೂಪರ್‌ಮಾರ್ಕೆಟ್ಟಿಗೆ ಓಡಿಸಿ, ಪಾಕೀಟಿನಲ್ಲಿ ಸಿಗುವ ತಯಾರಿ ತೌಡು ತರಿಸಿ ಹಳೆಯ ಭರಣಿಗೆ ಸುರಿದಳು. ಪ್ರತಿ ಭಾನುವಾರ ಹಂಚುವ ಉಪ್ಪಿನಕಾಯಿ ಎಂದಿನಂತೆ ಮನೆಮನೆಗೆ ಹೋಯಿತು. ನಿಮ್ಮ ಕೈರುಚಿಯೇ ಬೇರೆ ಎಂದು ಎಲ್ಲರೂ ಹೇಳಿದರು. ಆ ಹೊಗಳಿಕೆ ಶಿಗೆನೊಗೆ ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪವಾಯಿತು.

ಹೀಗಿರುವಾಗ ಓರಿಹರ ಮೇಡಂ ಬಂದರು. ಮಹಿಳಾ ಕಾಲೇಜಿನಲ್ಲಿ ಗೃಹವಿಜ್ಞಾನದ ಪ್ರಾಧ್ಯಾಪಕಿ. ಒಲೆಯಿಂದ ಊಟದ ಮೇಜಿಗೆ ಗೃಹಿಣಿ ದಿನಕ್ಕೆ ಎಷ್ಟು ಹೆಜ್ಜೆ ನಡೆಯುತ್ತಾಳೆಂದು ಹತ್ತು ವರ್ಷ ಎಣಿಸಿದವರು. ಮನೆಮಂದಿಯೆಲ್ಲ ಮೀಯುವ ಒಂದೇ ತೊಟ್ಟಿ ನೀರಿಗೆ ಮೊದಲು ಯಾರು ಇಳಿಯುತ್ತಾರೆ, ಕೊನೆಗೆ ಯಾರು ಎಂಬುದರ ಮೇಲೆ ಇನ್ನೂರು ಪುಟ ಬರೆದವರು. ತಾವು ಮಾತ್ರ ಒಂಟಿಯಾಗಿದ್ದು ಅಂಗಡಿಯ ಬುತ್ತಿ ತಿನ್ನುತ್ತಿದ್ದರು. ಈ ಸಲದ ಸಂಶೋಧನೆ ತೌಡು ಯಾವ ಮನೆಯಿಂದ ಯಾವ ಮನೆಗೆ ಹೋಯಿತು ಎಂಬುದರ ಮೇಲೆ. ಮನೆಯಿಂದ ಮನೆಗೆ ಓಡಾಡುವ ಸೂಚನೆಯ ಹಲಗೆಗೆ ಸಿಕ್ಕಿಸಿದ ಪ್ರಶ್ನೆಪತ್ರ ಓಣಿಯೆಲ್ಲ ಸುತ್ತಿತು. ತೌಡು ಕುಟ್ಟುವುದು ಅಂದರೆ ಇದೇ ಎಂದು ಕುನಿಯೊ ನಕ್ಕ. ಹೆಂಡತಿ ತಿರುಗಿ ನೋಡಿದಳು. ತೌಡಿನ ವಿಷಯದಲ್ಲಿ ನಗುವ ಹಕ್ಕು ತನಗಿಲ್ಲವೆಂದು ನೆನಪಾಗಿ ಪೇಪರು ಎತ್ತಿಕೊಂಡ.

ಹದಿನಾಲ್ಕನೆಯ ಪ್ರಶ್ನೆ: ನಿಮ್ಮದು ಎಲ್ಲಿಂದ ಬಂತು? ಶಿಗೆನೊ ಮೂರು ದಿನ ಯೋಚಿಸಿ, ಅತ್ತೆಯಿಂದ, ಎಂದು ಬರೆದಳು. ಭರಣಿ ಅತ್ತೆಯದೇ ತಾನೇ ಎಂದು ಸಮಾಧಾನ ಮಾಡಿಕೊಂಡಳು.

ಶನಿವಾರ ಬೆಳಿಗ್ಗೆ ಓಣಿಯ ಸಭಾಭವನದಲ್ಲಿ ಎಲ್ಲರೂ ಸೇರಿದರು. ಓರಿಹರ ಮೇಡಂ ಹಲಗೆಯ ಮೇಲೆ ಒಂದು ಮರ ಬರೆದರು. ಮೇಲೆ ತೋಮೆ, ಕೆಳಗೆ ಶಿಗೆನೊ, ಅದರ ಕೆಳಗೆ ಆರು ಕೊಂಬೆ. ಐದಕ್ಕೆ ಗೀಟು ಹೊಡೆದರು. ಸೂಕ್ಷ್ಮಜೀವಿಗಳು ತಮ್ಮ ಕ್ಷೇತ್ರವಲ್ಲ, ತಮ್ಮದು ಜನ ಮತ್ತು ಜನರ ನಾಲಿಗೆ ಎಂದರು. ಮೇಜಿನ ಮೇಲೆ ಶಿಗೆನೊಳ ಭರಣಿ, ಪಕ್ಕದಲ್ಲಿ ಇತ್ಸುಕೊಳ ಎನಾಮಲ್ ಡಬ್ಬ, ಎರಡರ ಮುಂದೂ ಸೌತೆಕಾಯಿ ಹೋಳು. ಮೇಡಂ ಮೊದಲು ಭರಣಿಯ ಹೋಳನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದರು.

"ಇದು ನೂರು ವರ್ಷದ್ದು ಅಂತ ಯಾರೂ ಹೇಳ್ಬೇಕಾಗಿಲ್ಲ. ನಾಲಿಗೇನೇ ಹೇಳುತ್ತೆ."

ಆಮೇಲೆ ಡಬ್ಬದ್ದನ್ನು ತಿಂದರು. ಇದೂ ಪರವಾಗಿಲ್ಲ, ಆದರೆ ಸ್ವಲ್ಪ ಒರಟು, ಅಂಗಡಿಯ ತಯಾರಿ ತೌಡು ಬೆರೆಸುತ್ತೀರೇನೋ ಎಂದು ಮೆಲ್ಲಗೆ ಕೇಳಿದರು. ಹೆಂಗಸರು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು. ಇತ್ಸುಕೊಳ ಕಿವಿ ಕೆಂಪಾದವು. ಅವಳು ಡಬ್ಬದ ಮುಚ್ಚಳ ಹುಡುಕತೊಡಗಿದಳು.

"ಇಪ್ಪತ್ತಾರು ವರ್ಷ ಒಂದು ದಿನಾನೂ ತಪ್ಪಿಸಿಲ್ಲ ಮೇಡಂ. ನನ್ನ ಕೈಗೆ ಬರಲ್ಲ ಅಂತ ಅಕ್ಕ ಮೊದ್ಲೇ ಹೇಳಿದ್ರು, ನಾನೇ ಕೇಳಲಿಲ್ಲ. ಇವತ್ತು ಮನೆಗೆ ಹೋದೋಳೇ ಚೆಲ್ಲಿಬಿಡ್ತೀನಿ."

ಶಿಗೆನೊ ಸುಮ್ಮನಿದ್ದರೆ ಸಾಕಿತ್ತು. ಮಾನ ಉಳಿಯುತ್ತಿತ್ತು, ಮೇಡಂ ಬರೆಯುವ ಪುಸ್ತಕದಲ್ಲಿ ಹೆಸರೂ ಬರುತ್ತಿತ್ತು. ಸುಮ್ಮನಿರಲೆಂದೇ ತುಟಿ ಬಿಗಿದಳು. ಆದರೆ ಮುಚ್ಚಳ ಬೀಳುವ ಮೊದಲು ಅವಳ ಕೈ ತಾನಾಗಿ ಚಾಚಿ ಇತ್ಸುಕೊಳ ಹೋಳೊಂದನ್ನು ಎತ್ತಿ ಬಾಯಿಗೆ ಹಾಕಿತು. ಇಷ್ಟು ವರ್ಷ ಮೂಸಿ ತೀರ್ಪು ಕೊಟ್ಟದ್ದೇ ಹೊರತು ಒಮ್ಮೆಯೂ ತಿಂದು ನೋಡಿರಲಿಲ್ಲ. ಅಗಿದಳು. ಅಗಿಯುತ್ತ ಕಣ್ಣು ತುಂಬಿತು. ಅದು ತೋಮೆಯ ರುಚಿ, ಹುಳಿಯ ಹಿಂದೆ ಸಣ್ಣಗೆ ಒಗರು, ಅದರ ಹಿಂದೆ ಖಾರ. ಸತ್ತಿತೆಂದು ಎರಡು ವರ್ಷದಿಂದ ಒಳಗೊಳಗೇ ಅಳುತ್ತಿದ್ದದ್ದು ನಾಲ್ಕು ಮನೆಯಾಚೆ ನೆಮ್ಮದಿಯಾಗಿ ಬದುಕಿತ್ತು.

"ಮೇಡಂ, ಆ ಮರದಲ್ಲಿ ನನ್ನ ಹೆಸರಿಗೂ ಗೀಟು ಹಾಕಿ," ಎಂದಳು. "ನನ್ನ ಭರಣೀಲಿರೋದು ಸೂಪರ್‌ಮಾರ್ಕೆಟ್ ಪಾಕೀಟು. ಅತ್ತೆ ತೌಡು ಹೋಗಿ ಎರಡು ವರ್ಷ ಆಯ್ತು. ಉಳಿದಿರೋದು ಇವಳ ಡಬ್ಬದಲ್ಲಿ ಮಾತ್ರ. ಅದನ್ನೂ ಚೆಲ್ಲಿದ್ರೆ ನಮ್ಮತ್ತೆ ಇನ್ನೊಂದ್ಸಲ ಸಾಯ್ತಾರೆ."

ಗಂಡನ ಹೆಸರು ಎತ್ತಲಿಲ್ಲ. ಅದನ್ನು ಮನೆಯಲ್ಲಿ ಎತ್ತಲು ಆಯುಷ್ಯವಿಡೀ ಇತ್ತು.

ಎಲ್ಲರಿಗಿಂತ ಹೆಚ್ಚು ನಾಚಿಕೊಂಡವರು ಓರಿಹರ ಮೇಡಂ; ಕುತ್ತಿಗೆಯವರೆಗೆ ಕೆಂಪಾದರು. ಆದರೂ ಹುಟ್ಟುಗುಣ ಬಿಡದೆ, ಪೆನ್ನು ತೆಗೆದು, ಯಾವ ಕಂಪನಿಯ ಪಾಕೀಟು ಎಂದು ಕೇಳಿ ಬರೆದುಕೊಂಡರು. ಇತ್ಸುಕೊ ಮುಚ್ಚಳ ಹಿಡಿದೇ ನಿಂತಿದ್ದಳು.

"ಅಂದ್ರೆ, ಎರಡು ವರ್ಷದಿಂದ ಭಾನುವಾರ ಕೊಡ್ತಿದ್ದದ್ದು?"

"ಪಾಕೀಟಿಂದೇ."

ಇತ್ಸುಕೊ ಮುಚ್ಚಳವನ್ನು ಮೇಜಿನ ಮೇಲಿಟ್ಟಳು.

"ಆಪರೇಷನ್ ಆದ್ಮೇಲೆ ಅಕ್ಕನ ಕೈ ಸ್ವಲ್ಪ ಸುಧಾರಿಸಿದೆ ಅಂದ್ಕೊಂಡಿದ್ದೆ ನಾನು."

ಮೊದಲು ಯಾರೋ ಒಬ್ಬಳು ಕಿಸಕ್ಕೆಂದಳು, ಆಮೇಲೆ ಇಡೀ ಭವನ ನಕ್ಕಿತು. ಶಿಗೆನೊ ಡಬ್ಬದ ಮುಂದಿನ ಇನ್ನೊಂದು ಹೋಳನ್ನೂ ಎತ್ತಿ ಬಾಯಿಗೆ ಹಾಕಿಕೊಂಡಳು.

ಆದರೂ ಕೇಳುವ ಕೆಲಸ ಉಳಿದೇ ಇತ್ತು. ಎಲ್ಲರೆದುರು ತಪ್ಪೊಪ್ಪುವುದು ಒಂದು, ಬಾಗಿಲಲ್ಲಿ ನಿಂತು ಬೇಡುವುದು ಇನ್ನೊಂದು. ಸೋಮವಾರ ಸಣ್ಣ ಡಬ್ಬ ಹಿಡಿದು ಓಣಿಯ ತುದಿಗೆ ಕುಂಟುತ್ತ ಹೋದಳು. ಒಂದು ಹಿಡಿ ಬೇಕಿತ್ತು ಎಂದಳು. ಇತ್ಸುಕೊ ಆ ಡಬ್ಬ ನೋಡಿ ಒಳಗೆ ಹೋಗಿ ದೊಡ್ಡ ಡಬ್ಬ ತಂದಳು, ತನ್ನದರಲ್ಲಿ ಅರ್ಧಕ್ಕರ್ಧ ಬಗ್ಗಿಸಿದಳು. ಇಷ್ಟೊಂದು ಯಾಕೆ ಎಂದು ಶಿಗೆನೊ ತಡೆದಳು.

"ಒಂದೇ ಮನೇಲಿದ್ರೆ ಭಯ ಆಗುತ್ತೆ ಅಕ್ಕ," ಎಂದಳು ಇತ್ಸುಕೊ. ಆಮೇಲೆ, ಮೊದಲ ತಿಂಗಳು ಎರಡು ಹೊತ್ತು ತಿರುವಬೇಕು, ಒಮ್ಮೆಲೇ ಹೊಸ ತೌಡು ಸುರಿಯಬಾರದು ಎಂದು ಉದ್ದಕ್ಕೆ ಪಾಠ ಹೇಳಿದಳು. ಅದೆಲ್ಲ ಶಿಗೆನೊಳೇ ಕಲಿಸಿದ್ದು. ಶಿಗೆನೊ ಎಲ್ಲದಕ್ಕೂ ಹೂಂ ಎಂದಳು. ಅಷ್ಟು ಹೂಂಗಳನ್ನು ಅವಳು ಮದುವೆಯ ದಿನವೂ ಅಂದಿರಲಿಲ್ಲ.

ಮನೆಗೆ ಬಂದು ಪಾಕೀಟಿನ ತೌಡನ್ನು ತೆಗೆದು ಹೊಸದನ್ನು, ಅಂದರೆ ಹಳೆಯದನ್ನು, ಭರಣಿಗೆ ಹಾಕಿದಳು. ಕೈ ಇಳಿಸುವ ಮೊದಲು ಯಾಕೋ ನಿಂತಳು. ತನಗೂ ವಯಸ್ಸಾಗಿದೆ, ಇನ್ನೊಮ್ಮೆ ಆಸ್ಪತ್ರೆ ಸೇರಬೇಕಾದೀತು. ಕುನಿಯೊನನ್ನು ಕರೆದಳು. ಅಡುಗೆಮನೆಯ ಹೊಸ್ತಿಲಲ್ಲೇ ಅಳುಕುತ್ತ ನಿಂತವನ ತೋಳು ಮಡಿಸಿ, ಕೈಯನ್ನು ತೌಡಿನೊಳಗೆ ಇಳಿಸಿದಳು. ಮಣಿಕಟ್ಟಿನವರೆಗೆ ಹೋದ ಕೈ ಅಲ್ಲೇ ನಿಂತಿತು. ಎಪ್ಪತ್ತೈದರ ಮುದುಕ ಭರಣಿಯ ಮೇಲೆ ಬಾಗಿ ಉಸಿರೆಳೆದುಕೊಂಡ.

"ಅಮ್ಮ ತಲೆ ಸವರಿದಾಗ ಹಿಂಗೇ ವಾಸನೆ ಬರ್ತಿತ್ತು ಕಣೆ," ಎಂದ.

ಶಿಗೆನೊ ಅವನ ಬೆನ್ನ ಮೇಲೆ ಕೈಯಿಟ್ಟಳು.

"ಹೂಂ. ಅಡೀವರೆಗೂ ತಿರುವಿ."