ನಾರಾಯಣಮ್ಮನವರ ಹೊಸ ಅಳಿಯ

ತಿಲಕ್ ನಗರದಲ್ಲಿ ಟೈಲರ್ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಕೂತು ಸಣ್ಣಪುಟ್ಟ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುವ ಲತಾಮಣಿಗೆ ಕೋಪ ಬರುವುದು ಕಡಿಮೆ. ಬರುವುದು ತಾತ್ಸಾರ. ಹದಿನೈದು ವರ್ಷ ಜಯನಗರದ ಪ್ರೆಸ್ಸೊಂದರಲ್ಲಿ ಲಗ್ನಪತ್ರಿಕೆ ಕಂಪೋಸ್ ಮಾಡುತ್ತಿದ್ದಾಗ, ಯಾರದೋ ಪತ್ರಿಕೆ ಹಿಡಿದು ಬಂದು "ಇದೇ ಥರ ಮಾಡಿ, ಹೆಸರು ಮಾತ್ರ ಚೇಂಜ್ ಮಾಡಿ" ಎನ್ನುವವರನ್ನು ನೋಡಿ ನೋಡಿ ಬೆಳೆದ ತಾತ್ಸಾರ.

ಬನಶಂಕರಿಯ ರುದ್ರಮ್ಮನವರ ಕುರುಕಲು ತಿಂಡಿ ಅಂಗಡಿಗೆ ವೆಬ್‌ಸೈಟ್ ಮಾಡುವಾಗ ಅವಳು ಮೂರು ದಿನ ಅಲ್ಲೇ ಕೂತು ಚಕ್ಕುಲಿ, ಕೋಡುಬಳೆ, ನಿಪ್ಪಟ್ಟುಗಳ ಚಿತ್ರ ಬರೆದಿದ್ದಳು. ತಟ್ಟೆಯಲ್ಲಿದ್ದ ನಿಪ್ಪಟ್ಟಿನ ಅಂಚು ಮುರಿದಿತ್ತು; ಇದ್ದ ಹಾಗೇ ಬರೆದಳು.

ಆರು ತಿಂಗಳ ಮೇಲೆ ರುದ್ರಮ್ಮ ಫೋನ್ ಮಾಡಿದರು. "ಲತಾ, ಜೆ.ಪಿ. ನಗರದಲ್ಲಿ ಗುರುಶಾಂತಪ್ಪ ಅಂತ ಒಬ್ರ ತಿಂಡಿ ಅಂಗಡಿ ಇದೆ. ಅವ್ರ ವೆಬ್‌ಸೈಟ್ ನೋಡಮ್ಮ. ನಮ್ಮತ್ತೆ ಅವ್ರಿಗೂ ಅತ್ತೆ ಆಗ್ಬಿಟ್ಟಿದ್ದಾರೆ."

ತೆರೆದು ನೋಡಿದರೆ ಅದೇ ಚಕ್ಕುಲಿ, ಅದೇ ಅಂಚು ಮುರಿದ ನಿಪ್ಪಟ್ಟು. ಕೆಳಗೆ ರುದ್ರಮ್ಮನವರಿಗಾಗಿ ಅವಳೇ ಬರೆದ ಸಾಲು: 'ನಮ್ಮ ಅತ್ತೆ ನಾರಾಯಣಮ್ಮನವರು ಕಲಿಸಿದ ಕೈರುಚಿ.' ಎತ್ತಿಕೊಂಡವನಿಗೆ ಎತ್ತಿಕೊಂಡದ್ದನ್ನು ಒಮ್ಮೆ ಓದುವಷ್ಟು ಪುರುಸೊತ್ತೂ ಇರಲಿಲ್ಲ. ಪುಟದ ಬುಡದಲ್ಲಿ ಮಾಡಿದವನ ಹೆಸರು ಮಾತ್ರ ದಪ್ಪಕ್ಷರದಲ್ಲಿತ್ತು: ಶಶಿಕಾಂತ್, ಬಿಟಿಎಂ ಲೇಔಟ್.

ಮರುದಿನ ಬೆಳಿಗ್ಗೆಯೇ ಅವನ ಆಫೀಸಿಗೆ ಹೋದಳು. ಬಾಗಿಲ ಮೇಲೆ 'ಕ್ರಿಯೇಟಿವ್ ಹೆಡ್' ಎಂಬ ಬೋರ್ಡು. ಒಳಗಿದ್ದದ್ದು ಅವನೊಬ್ಬನೇ, ಯಾರಿಗೆ ಹೆಡ್ಡೋ ತಿಳಿಯಲಿಲ್ಲ.

"ಕಾಪಿ ಅಂತೆಲ್ಲ ಅನ್ಬೇಡಿ ಮೇಡಂ, ಇನ್‌ಸ್ಪಿರೇಷನ್. ಇಂಟರ್‌ನೆಟ್‌ಗೆ ಹಾಕಿದ್ಮೇಲೆ ಎಲ್ಲರದೂ ತಾನೆ?"

"ನಿಮ್ಮ ಗಾಡೀನೂ ರೋಡಲ್ಲೇ ನಿಂತಿದೆ. ತಗೊಂಡು ಹೋಗ್ಲಾ?"

ಅವನು ನಕ್ಕ. ಅವಳು ನಗಲಿಲ್ಲ. "ಮೇಲೆ ಹೆಸರು, ಕೆಳಗೆ ತಿಂಡಿ ಪಟ್ಟಿ ಇಡೋದನ್ನ ನಾನೇನೂ ಕಂಡುಹಿಡಿದಿಲ್ಲ. ಅದನ್ನ ನೋಡಿ ಕಲೀರಿ, ಬೇಡ ಅನ್ನಲ್ಲ. ನಾನೂ ಹಾಗೇ ಕಲಿತಿದ್ದು. ಚಿತ್ರ, ಬರಹ ನಂದು. ಒಂದ್ಮಾತು ಕೇಳಿದ್ರೆ ಕೊಡ್ತಿದ್ನೋ ಏನೋ. ಈಗ ತೆಗೀರಿ."

"ನೀವು ಭಾರೀ ಸಾಚಾನಾ?" ಅವನು ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದ. "ರುದ್ರಮ್ಮನವರ ಪೇಜಲ್ಲಿ ಡೆಲಿವರಿ ಅಂತ ಲಾರಿ ಚಿತ್ರ ಹಾಕಿದ್ದೀರಲ್ಲ, ಅದು ನೀವು ಬರೆದಿದ್ದಾ?"

ಅದು ಬಿಟ್ಟಿ ಸಿಗುವ ಚಿತ್ರ ಎಂದಳು. ದಾರಿಯುದ್ದಕ್ಕೂ ಹಾಗೇ ಅಂದುಕೊಳ್ಳುತ್ತಾ ಬಂದಳು. ಕೋಣೆಗೆ ಬಂದು ಹುಡುಕಿದಾಗ ಆ ಚಿತ್ರದ ಷರತ್ತು ಸಿಕ್ಕಿತು. ಯಾರು ಬೇಕಾದರೂ ಬಳಸಬಹುದು, ಬರೆದವರ ಹೆಸರು ಹಾಕಬೇಕು. ಅವಳು ಹಾಕಿರಲಿಲ್ಲ. ಆ ಷರತ್ತನ್ನು ಓದಿಯೇ ಇರಲಿಲ್ಲ. ಬೆಳಿಗ್ಗೆ ಶಶಿಕಾಂತನ ಮೇಲಿದ್ದ ತಾತ್ಸಾರ ಈಗ ಅಷ್ಟೇ ತೂಕದಲ್ಲಿ ತನ್ನ ಮೇಲೂ ಬಂತು. ಅವನಂಥವನ ಬಾಯಿಂದ ಇದನ್ನು ಕೇಳಬೇಕಾಗಿ ಬಂದದ್ದು ಇನ್ನೂ ಹೇಸಿಗೆ ಎನಿಸಿತು.

ಲಾರಿ ಹಾಕಿದ್ದ ಹನ್ನೊಂದು ವೆಬ್‌ಸೈಟುಗಳಲ್ಲೂ ಸಂಜೆಯೊಳಗೆ ಆ ಕಲಾವಿದನ ಹೆಸರು ಸೇರಿಸಿದಳು. ತಪ್ಪಾಯಿತೆಂದು ಅವನಿಗೆ ನಾಲ್ಕು ಸಾಲು ಬರೆದಳು. ಆಮೇಲೆ ಗುರುಶಾಂತಪ್ಪನವರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದಳು.

ಎರಡು ದಿನಕ್ಕೆ ಗುರುಶಾಂತಪ್ಪ, ಹೆಂಡತಿ ಕಮಲಾದೇವಿಯನ್ನು ಕರೆದುಕೊಂಡು ಮೆಟ್ಟಿಲು ಹತ್ತಿ ಬಂದರು. "ನಮಗೆ ಗೊತ್ತೇ ಇರಲಿಲ್ಲ ಮೇಡಂ. ಬಂದ ಗಿರಾಕಿಗಳೆಲ್ಲಾ ನಾರಾಯಣಮ್ಮ ಹೇಗಿದ್ದಾರೆ ಅಂತ ಕೇಳೋರು. ಕಂಪ್ಯೂಟರ್ ಏನೋ ತಪ್ಪು ಮಾಡಿದೆ ಅಂತ ಆ ಹುಡುಗ ಹೇಳಿದ. ನಮಗೆ ಹೊಸದಾಗಿ ನೀವೇ ಒಂದು ಮಾಡಿಕೊಡಿ."

ಕಮಲಾದೇವಿ ಒಂದು ಡಬ್ಬಿ ಮುಂದಿಟ್ಟರು. ಒಳಗೆ ಶೇಂಗಾ ಹೋಳಿಗೆ. ಆ ಅಂಗಡಿಯಲ್ಲಿ ಚಕ್ಕುಲಿ, ಕೋಡುಬಳೆ ಮಾಡುವುದೇ ಇಲ್ಲವಂತೆ. ಶೇಂಗಾ ಹೋಳಿಗೆ, ಖಡಕ್ ರೊಟ್ಟಿ, ಚಟ್ನಿಪುಡಿ ಮಾರುವವರ ನೆತ್ತಿಯ ಮೇಲೆ ಶಶಿಕಾಂತ ಬನಶಂಕರಿಯ ಚಕ್ಕುಲಿ ಕೂರಿಸಿದ್ದ. ಕದಿಯುವುದನ್ನಾದರೂ ನೆಟ್ಟಗೆ ಕಲಿತಿರಲಿಲ್ಲವಲ್ಲ ಎಂದುಕೊಂಡಳು ಲತಾಮಣಿ.

"ಇದನ್ನ ಬರೀತೀನಿ. ಆದ್ರೆ ಮೊದ್ಲು ರುದ್ರಮ್ಮನವ್ರಿಗೆ ಒಂದ್ಸಲ ಫೋನ್ ಮಾಡಿ."

ಗುರುಶಾಂತಪ್ಪ ಅಲ್ಲೇ ಮಾಡಿದರು. ಎರಡು ನಿಮಿಷದಲ್ಲಿ ಫೋನ್ ಕಮಲಾದೇವಿಯ ಕೈಗೆ ಬಂದು, ಹೆಂಗಸರಿಬ್ಬರೂ ಶೇಂಗಾ ಹುರಿಯುವ ಹದದ ಬಗ್ಗೆ ಮಾತಿಗಿಳಿದರು.

ಹೊಸ ವೆಬ್‌ಸೈಟು ತಿಂಗಳಲ್ಲಿ ಸಿದ್ಧವಾಯಿತು. ಇನ್ನೊಂದು ವಾರಕ್ಕೆ ಶಶಿಕಾಂತ ಅದನ್ನು 'ನಮ್ಮ ಕೆಲಸಗಳು' ಎಂಬ ತನ್ನ ಪುಟದಲ್ಲಿ ಹಾಕಿಕೊಂಡಿದ್ದ. ಲತಾಮಣಿ ಈ ಸಲ ಬಿಟಿಎಂವರೆಗೆ ಹೋಗುವ ಕಷ್ಟ ತೆಗೆದುಕೊಳ್ಳಲಿಲ್ಲ. ತೆಗೆಯದಿದ್ದರೆ ವಕೀಲರಿಂದ ನೋಟಿಸ್ ಬರುತ್ತದೆಂದು ಎರಡು ಸಾಲು ಕಳಿಸಿದಳು. ಮರುದಿನ ಪುಟ ಮಾಯವಾಯಿತು. ಕ್ಷಮೆಯ ಮಾತೇನೂ ಬರಲಿಲ್ಲ. ಅದು ಬರಬೇಕಾದರೆ ಮೊದಲು ತಪ್ಪು ಅರ್ಥವಾಗಬೇಕು. ಅವನಿಂದ ಅಷ್ಟು ದೊಡ್ಡದನ್ನು ಅವಳು ನಿರೀಕ್ಷಿಸಿರಲಿಲ್ಲ.